ಸತ್ತ ಕೂಸಿಗೆ ಬಂದ ಕರೆ

ನಮ್ಮ ಬಾಚ್ಕಾ ಸೀಮೆಯ ಜರ್ಮನ್ ಹಳ್ಳಿಗಳಲ್ಲಿ ಕೂಸು ಸತ್ತರೆ ಅದರ ಹೆಸರನ್ನೇ ಮುಂದಿನ ಕೂಸಿಗೆ ಇಡುತ್ತೇವೆ. ನನ್ನ ತಂಗಿ ಅಪೊಲೋನಿಯಾಳ ಚೊಚ್ಚಲ ಮಗ ವೆಂಡೆಲಿನ್ ಸಾವಿರದ ಒಂಬೈನೂರ ಇಪ್ಪತ್ತಾರರಲ್ಲಿ ಹುಟ್ಟಿ ಮೂರೇ ತಿಂಗಳಿಗೆ ಹೋದ. ಇಪ್ಪತ್ತೆಂಟರಲ್ಲಿ ಇನ್ನೊಬ್ಬ ಹುಟ್ಟಿದಾಗ, "ಬೇರೆ ಹೆಸರಿಡೋಣ ಅಕ್ಕ, ಅದು ಆಗಿಬರ್ಲಿಲ್ಲ" ಎಂದಳು. ನಾನು ಕೇಳಬೇಕಲ್ಲ! ಧರ್ಮತಾಯಿ ನಾನು, ಚರ್ಚಿನಲ್ಲಿ ಕೂಸನ್ನು ಎತ್ತಿಕೊಂಡವಳು ನಾನು. ಪಾದ್ರಿ ಹೆಸರು ಕೇಳಿದಾಗ ವೆಂಡೆಲಿನ್ ಎಂದೇ ಹೇಳಿಬಿಟ್ಟೆ.

ನಲವತ್ತನಾಲ್ಕರ ಏಪ್ರಿಲ್ ತಿಂಗಳಲ್ಲಿ ಬರ್ಲಿನ್‌ನವರೂ ಆಗ ನಮ್ಮನ್ನಾಳುತ್ತಿದ್ದ ಬುಡಾಪೆಸ್ಟ್‌ನವರೂ ಒಪ್ಪಂದ ಮಾಡಿಕೊಂಡು ನಮ್ಮ ಹುಡುಗರನ್ನು ಜರ್ಮನ್ ಎಸ್‌ಎಸ್ ಪಡೆಗೆ ಬರೆದುಕೊಟ್ಟರು. ಕರೆಯುವುದು ಮಾತ್ರ ಸ್ವಯಂಸೇವಕರು ಎಂದು. ಆ ಸೇವೆಗೆ ಬೆಂಕಿ ಬೀಳ! ಒಲ್ಲೆ ಎಂದವರ ಮನೆಯಲ್ಲಿ ಒಂದು ಕಿಟಕಿ ಗಾಜೂ ಉಳಿಯುತ್ತಿರಲಿಲ್ಲ.

ಹದಿನೆಂಟರ ಮೇಲ್ಪಟ್ಟವರ ಪಟ್ಟಿ ಮಾಡಿದವನು ಊರಿನ ಜರ್ಮನ್ ಸಂಘದ ಮುಖಂಡ ಕಾಸ್ಪರ್ ರೆಟಿಂಗರ್. ಚರ್ಚಿನ ಜನನದ ಪುಸ್ತಕ ನೋಡಿ ಬರೆದ, ಮರಣದ್ದನ್ನು ತೆರೆಯಲೇ ಇಲ್ಲ. ಹಾಗಾಗಿ ಇಪ್ಪತ್ತಾರರ ವೆಂಡೆಲಿನ್‌ಗೆ ಕರೆ ಬಂತು. ಮನೆಯಲ್ಲಿದ್ದವನಿಗೆ ಹದಿನಾರು, ಮೀಸೆಯೂ ಮೂಡಿರಲಿಲ್ಲ.

ಪಾದ್ರಿಗಳಿಂದ ಮರಣಪತ್ರ ಬರೆಸಿಕೊಂಡು ನಾವಿಬ್ಬರೂ ಕಾಸ್ಪರನಲ್ಲಿಗೆ ಓಡಿದೆವು.

"ನೋಡಪ್ಪ, ನೀನು ಕರೆದಿರೋನು ಸ್ಮಶಾನದಲ್ಲಿ ಮಲಗಿದಾನೆ. ಹೋಗಿ ಎಬ್ಬಿಸ್ಕೋ" ಎಂದೆ.

ಅವನು ಪತ್ರವನ್ನು ಎರಡು ಸಲ ಓದಿದ. "ಲೇನಕ್ಕ, ನಲವತ್ತು ಜನ ಅಂತ ಮೇಲಕ್ಕೆ ಬರೆದಾಗಿದೆ. ಒಂದು ತಲೆ ಕಮ್ಮಿ ಬಿದ್ರೆ ನನ್ನ ಮಗನ್ನ ಎಳ್ಕೊಂಡು ಹೋಗ್ತಾರೆ."

"ನಿನ್ನ ಮಗನಿಗೆ ಎಷ್ಟು?" ಎಂದಳು ತಂಗಿ.

"ಹತ್ತೊಂಬತ್ತು. ಅವನು ಇಲ್ಲಿ ಕಚೇರಿಗೆ ಬೇಕಾದೋನು."

"ಓಹೋ! ನಿನ್ನ ಮಗ ಕಚೇರಿಗೆ, ನನ್ನ ಮಗ ಗುಂಡಿಗೆ!"

"ನಿಮ್ಮನೇಲಿ ಇನ್ನೊಬ್ಬ ವೆಂಡೆಲಿನ್ ಇದಾನಲ್ಲಮ್ಮ. ಅಷ್ಟು ಸಾಕು" ಎಂದು ಪತ್ರವನ್ನು ಒಲೆಗೆ ಹಾಕಿದ.

ಹೊರಡುವ ದಿನ ಪದ್ಧತಿಯಂತೆ ಹುಡುಗರ ಟೋಪಿಗೆ ರಿಬ್ಬನ್ನು, ಹೂವು ಕಟ್ಟಿದೆವು. ಬ್ಯಾಂಡಿನವರು ಊದಿದ್ದೇ ಊದಿದ್ದು. "ದೊಡ್ಡಮ್ಮ, ನಂಗೀಗ ಹದಿನೆಂಟಂತೆ. ಇನ್ಮೇಲೆ ಬಯ್ಯೋ ಹಾಗಿಲ್ಲ ನೀನು" ಎಂದು ನಕ್ಕ ನಮ್ಮ ವೆಂಡೆಲಿನ್.

ಆಗಸ್ಟ್‌ನಲ್ಲಿ ಕಾಗದ ಬಂತು. ಇಪ್ಪತ್ತಾರರಲ್ಲಿ ಹುಟ್ಟಿದ ವೆಂಡೆಲಿನ್ ವೀರಮರಣ ಹೊಂದಿದ ಎಂದಿತ್ತು. ತಂಗಿ ಅಳಲಿಲ್ಲ. ನನ್ನೊಡನೆ ಮಾತು ಬಿಟ್ಟಳು. ಆ ಹೆಸರಿಟ್ಟವಳು ನಾನಲ್ಲವೇ, ಬಿಡದೆ ಏನು ಮಾಡಿಯಾಳು?

ಸೆಪ್ಟೆಂಬರ್‌ನಲ್ಲಿ ಇಪ್ಪತ್ತೆಂಟರಲ್ಲಿ ಹುಟ್ಟಿದವರ ಸರದಿ ಬಂತು. ಕಾಸ್ಪರ್ ಟೋಪಿ ಕೈಯಲ್ಲಿ ಹಿಡಿದು ತಂಗಿಯ ಬಾಗಿಲಲ್ಲಿ ನಿಂತಿದ್ದ. ಈ ಪಟ್ಟಿ ಮೇಲಿನಿಂದಲೇ ಬಂದಿತ್ತು, ಅದರಲ್ಲಿ ನಮ್ಮ ವೆಂಡೆಲಿನ್ ಇದ್ದ. ಅವರ ಲೆಕ್ಕದಲ್ಲಿ ಸತ್ತವನು ಇಪ್ಪತ್ತಾರರವನು ತಾನೆ!

"ಅವನು ಸತ್ತುಹೋದ ಅಂತ ನೀನೇ ಬರೆದು ಕಳ್ಸೋ ಪಾಪಿ!" ಎಂದು ನಾನು ಕಿರುಚಿದೆ.

"ಬರೆದ್ರೆ ನಾನು ಮಾಡಿದ್ದೆಲ್ಲ ಹೊರಗೆ ಬರುತ್ತೆ, ಲೇನಕ್ಕ" ಎಂದು ನೆಲ ನೋಡುತ್ತಾ ಹೋದ.

ಮೂರನೆಯ ದಿನ, ಹುಡುಗ ಹಾಜರಾಗಲಿಲ್ಲವೆಂದು, ಪಟ್ಟಿ ಹಿಡಿದು ಹೊರಗಿನಿಂದ ಬಂದ ಯಾರೋ ತಂಗಿಯ ಬಾಗಿಲ ಮೇಲೆ ಸುಣ್ಣದಲ್ಲಿ 'ಸೈನ್ಯಕ್ಕೆ ಹೆದರಿ ಓಡಿಹೋದವನ ಮನೆ' ಎಂದು ಬರೆದಿದ್ದರು. ನೀರು ತಂದು ಉಜ್ಜತೊಡಗಿದೆ. ಅಪೊಲೋನಿಯಾ ಹೊರಗೆ ಬಂದು ನನ್ನ ಕೈ ಹಿಡಿದಳು. ಕಾಗದ ಬಂದಮೇಲೆ ಅವಳು ನನ್ನೊಡನೆ ಆಡಿದ ಮೊದಲ ಮಾತು ಇದು.

"ಇರ್ಲಿ ಬಿಡು ಅಕ್ಕ. ನನ್ನ ಮಗ ಎಲ್ಲೋ ಬದುಕಿದಾನೆ ಅಂತ ನಂಬೋರು ಅವರಾದ್ರೂ ಇದಾರಲ್ಲ."