ಜಗಲಿಯ ಮುಂದಿನ ದಾರಿ

ಚಿನಕುರಳಿಯಲ್ಲಿ ನಮ್ಮ ಮನೆಯ ಜಗಲಿ ಹಗಲು ಹೊತ್ತು ಖಾಲಿ ಇರುತ್ತಲೇ ಇರಲಿಲ್ಲ. ನಾನು, ಗೆಳೆಯ ದ್ಯಾವಯ್ಯ, ಇನ್ನಿಬ್ಬರು ಕೂತರೆ ನಾಟಿಯಿಂದ ಹಿಡಿದು ದೇಶದ ರಾಜಕೀಯದವರೆಗೆ ಮಾತು. ನಮ್ಮದು ಹಿತ್ತಲಿಲ್ಲದ ಮನೆ. ಹಾಗಾಗಿ ಕಕ್ಕಸನ್ನು ಜಗಲಿಯ ಎದುರಿಗೇ, ಅಂಗಳದ ಮೂಲೆಯಲ್ಲಿ ಕಟ್ಟಿಸಿದೆ. ಆದರೆ ಗಂಡಸರು ಕೂತಿರುವಾಗ ಹೆಂಗಸರು ಆ ಕಡೆ ಹೆಜ್ಜೆ ಇಡಬಾರದೆಂಬುದು ನಮ್ಮಲ್ಲಿನ ಪದ್ಧತಿ. ಅದನ್ನು ಮರ್ಯಾದೆ ಅಂದುಕೊಂಡಿದ್ದೆವು, ನಮ್ಮ ಮುಖಕ್ಕಿಷ್ಟು!

ಸೊಸೆ ಮಮತ ಬಂದು ಮೂರು ವರ್ಷ. ಒಂದು ವರ್ಷದಿಂದ ಅವಳಿಗೆ ಕಿಬ್ಬೊಟ್ಟೆ ನೋವು. ಕೂತರೂ ನೋವು, ಎದ್ದರೂ ನೋವು. ಹೆಂಗಸರಿಗೆ ಇದೆಲ್ಲ ಇದ್ದದ್ದೇ ಎಂದಳು ನನ್ನ ಹೆಂಡತಿ ತಿಮ್ಮಮ್ಮ. ನಾನೂ ಹೂಂ ಅಂದೆ.

ಕೊನೆಗೆ ಮಗ ತಿಮ್ಮೇಶ ಅವಳನ್ನು ಪಾಂಡವಪುರದ ಡಾಕ್ಟರಮ್ಮನಿಗೆ ತೋರಿಸಿದ. ಗೆಡ್ಡೆಯಿಲ್ಲ, ಹುಣ್ಣಿಲ್ಲ. ಹಗಲೆಲ್ಲ ಮೂತ್ರ ತಡೆದುಕೊಂಡು, ಅದಕ್ಕೆ ಹೆದರಿ ನೀರು ಕುಡಿಯುವುದನ್ನೂ ಬಿಟ್ಟು, ಕಿಬ್ಬೊಟ್ಟೆಯ ಕೆಳಗಿನ ಸ್ನಾಯುಗಳು ಬಿಗಿದುಕೊಂಡಿವೆ ಎಂದರಂತೆ. ನೀರು ಕುಡಿ, ಮೂರು ಗಂಟೆಗೊಮ್ಮೆ ಹೋಗು, ಶಾಖ ಕೊಟ್ಟುಕೋ, ಮಂಡಿ ಮಡಚಿ ಮಲಗಿ ಹೊಟ್ಟೆ ತುಂಬ ಉಸಿರಾಡು ಎಂದು ಹೇಳಿ ಕಳಿಸಿದ್ದರು.

"ಗಂಡಸ್ರು ಕುಂತಿರೋವಾಗ ಬಕೇಟ್ ಇಡ್ಕೊಂಡು ಓಯ್ತಾಳಾ? ನಾನು ಕತ್ಲಾಗೋಗಂಟ ತಡ್ಕೊಂಡೇ ಬಾಳ್ಲಿಲ್ವಾ?" ತಿಮ್ಮಮ್ಮ ರೇಗಿದಳು.

"ತಡ್ಕೊಂಡಿದ್ಕೇ ಇಂಗಾಗಿರೋದು ಅಂದವ್ರೆ ಕಣವ್ವಾ" ಎಂದ ತಿಮ್ಮೇಶ.

ನನಗೆ ಎಲ್ಲ ಕೇಳಿಸಿತು. ಎದ್ದು ಅರಳಿಕಟ್ಟೆಗೆ ಹೋಗಿ ಕೂತಿದ್ದರೆ ಸಾಕಿತ್ತು. ಮಾರನೆಯ ದಿನವೂ ಜಗಲಿಯಲ್ಲೇ ಕೂತೆ.

ಹನ್ನೊಂದು ಗಂಟೆಗೆ ಮಮತ ಬಕೇಟು ಹಿಡಿದು ಹೊರಗೆ ಬಂದಳು. ದ್ಯಾವಯ್ಯ ಕೆಮ್ಮಿದ. "ಲೇ ಚೌಡಯ್ಯ, ಸೊಸೆಗೆ ಒಸಿ ಬುದ್ಧಿ ಯೋಳ್ಲಾ."

ಅವಳು ಬಕೇಟು ಕೆಳಗಿಟ್ಟು ನನ್ನ ಕಡೆ ತಿರುಗಿದಳು. "ಮಾವ, ನನ್ ನೋವು ವಾಸಿಯಾಗ್ಬೇಕು. ನೀವು ಇಲ್ಲೇ ಕುಂತ್ಕಳಿ, ಇಲ್ಲ ಎದ್ದೋಗಿ. ಇನ್ಮೇಲೆ ನಾನು ತಡ್ಕಳಾಕಿಲ್ಲ."

ನನಗೆ ತಲೆಯೆತ್ತಲು ಆಗಲಿಲ್ಲ. ಆ ಹುಡುಗಿಯನ್ನು ನರಳಿಸಿದವನು ನಾನೇ, ಒಂದು ಮಾತೂ ಬೈಯದೆ, ಬರೀ ಕೂತು. "ಓಗವ್ವಾ" ಅಂದೆ. "ಎದ್ದೇಳ್ಲಾ ದ್ಯಾವಯ್ಯ, ಕಟ್ಟೆತಾವ್ಕೆ ಓಗಾಣ."

ಈಗ ಆರು ತಿಂಗಳಾಯಿತು. ನೋವು ಪೂರ್ತಿ ಹೋಗಿಲ್ಲ, ಆದರೂ ಮಮತ ರಾತ್ರಿ ನಿದ್ದೆ ಮಾಡುತ್ತಾಳೆ, ಗದ್ದೆಗೂ ಬರುತ್ತಾಳೆ.

ಮೊನ್ನೆ ಮಧ್ಯಾಹ್ನ ಜಗಲಿಯಲ್ಲಿ ನಾನೊಬ್ಬನೇ ಇದ್ದೆ. ತಿಮ್ಮಮ್ಮ ಬಕೇಟು ಹಿಡಿದು ನನ್ನ ಮುಂದೆಯೇ ಹೊರಟಳು. ಮದುವೆಯಾಗಿ ನಲವತ್ತು ವರ್ಷಕ್ಕೆ ಮೊದಲ ಸಲ. "ನಿಂಗೂ ನೋವಿತ್ತೇನೆ?" ಎಂದೆ.

"ಇತ್ತು" ಎಂದಳು. "ನೀವು ಯಾವತ್ತು ಕೇಳುದ್ರಿ?"