ನಾಲ್ಕನೆಯ ಮೂಲೆ

ಗಂಡ ಸುಕೇಶನ ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿಸಿ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಗ್ಗೆ ನಮಿತಾ ನಳದ ಸದ್ದಿಗೆ ಎದ್ದಳು. ಹಂಡೆ ತುಂಬಿಸಿದಳು, ಬಾಲ್ದಿ ತುಂಬಿಸಿದಳು. ತುಂಬಿಸಲು ಮತ್ತೇನೂ ಉಳಿಯದಾಗ ಕುಕ್ಕರನ್ನೂ ತುಂಬಿಸಿಟ್ಟಳು. ಕುಳಿತರೆ ಏಳಬೇಕೆನಿಸುತ್ತಿತ್ತು, ಎದ್ದರೆ ಎತ್ತ ಹೋಗುವುದೆಂದು ತಿಳಿಯುತ್ತಿರಲಿಲ್ಲ. ಎರಡೇ ಕೋಣೆಯ ಮನೆ. ಬಾಗಿಲಿನಿಂದ ಅಡುಗೆಮನೆಯ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆದಳು. ಅಳು ಬಂದಿದ್ದರೆ ಅದೊಂದು ಕೆಲಸವಾದರೂ ಆಗುತ್ತಿತ್ತು. ಅದೂ ಬರಲಿಲ್ಲ.

ಕಿಟಕಿಯ ಹೊರಗೆ, ಕಟ್ಟಡದ ಹಿಂದಿನ ಖಾಲಿ ಜಾಗದಲ್ಲಿ, ಸುಕೇಶ್ ನೆಟ್ಟಿದ್ದ ಬಿದಿರಿನ ಕಂಬಗಳು ನಿಂತಿದ್ದವು. ಮೂರು ಮೂಲೆಗಳಲ್ಲಿ ಮೂರು. ನಾಲ್ಕನೆಯ ಮೂಲೆಯಲ್ಲಿ ಬರೀ ಗುಂಡಿ. ಕಂಬಗಳ ತುದಿಯಿಂದ ತುದಿಗೆ ಬಿಗಿದಿದ್ದ ಹಗ್ಗ ಅಲ್ಲಿ ಜೋತು ನೆಲಕ್ಕೆ ಬಿದ್ದಿತ್ತು.

ಭಾಂಡುಪ್‌ನ ಆ ಕಾಲನಿಯನ್ನು ಹಿಂದೆ ಒಂದು ಕಾರ್ಖಾನೆಯ ಕೆಲಸಗಾರರಿಗಾಗಿ ಕಟ್ಟಿದ್ದರು. ಕಾರ್ಖಾನೆ ಮುಚ್ಚಿತು, ಕಾಲನಿ ಅಲ್ಲಿದ್ದವರದೇ ಸೊಸೈಟಿಯಾಯಿತು, ಗೋಡೆಯಲ್ಲಿ ಅರಳಿ ಗಿಡ ಬೇರುಬಿಟ್ಟಿತು. ಒಬ್ಬ ಬಿಲ್ಡರ್ ಬಂದು, ಎಲ್ಲವನ್ನೂ ಕೆಡವಿ ಟವರ್ ಎಬ್ಬಿಸುತ್ತೇನೆ, ಅಲ್ಲಿಯವರೆಗೆ ನೀವು ಹೊರಗೆ ಎಲ್ಲಾದರೂ ಬಾಡಿಗೆಗೆ ಇರಿ ಎಂದ. ಸುಕೇಶ್ ಕಟ್ಟಡಗಳ ನಕ್ಷೆ ಮಾಡುವ ಆಫೀಸಿನಲ್ಲಿ ಎಂಜಿನಿಯರ್. ಅವನು ಬೇರೆ ದಾರಿ ಹೇಳಿದ. ಹಳೆಯ ಕಟ್ಟಡ ಹಾಗೇ ಇರಲಿ. ಹಿಂದೆ ಕೆಟ್ಟ ಸ್ಕೂಟರುಗಳು ಬಿದ್ದಿರುವ ಜಾಗದಲ್ಲಿ ನಾಲ್ಕು ಮಾಳಿಗೆಯ ಚಿಕ್ಕ ಬಿಲ್ಡಿಂಗ್ ಏಳಲಿ. ಆ ಮನೆಗಳು ಮಾರಿಹೋದರೆ ಹಳೆಯದರ ರಿಪೇರಿ ಆಗುತ್ತದೆ, ಯಾರೂ ಗಂಟುಮೂಟೆ ಕಟ್ಟಬೇಕಾಗಿಲ್ಲ.

"ಈ ಊರು ಬದ್ಲಾಪುರದ ಆಚೆಗಿನ ಗದ್ದೆ ನುಂಗುತ್ತಾ ಹೋಗುವುದು ಸಾಕು. ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರ ಇಂಥ ಸಂದಿಗಳು ಎಷ್ಟು ಉಂಟು ನೋಡು. ಇಲ್ಲಿ ಬೆಳೆಯಲಿ" ಎನ್ನುತ್ತಿದ್ದ.

ನಕ್ಷೆ ತೋರಿಸಿದರೆ ಜನ ತಲೆಯಾಡಿಸಿ ಮನೆಗೆ ಹೋಗುತ್ತಿದ್ದರು. ಅದಕ್ಕೇ ಅವನು ಮಂಡಪ ಹಾಕುವವನೊಬ್ಬನಿಂದ ಬಿದಿರು ಎರವಲು ತಂದ. ಒಂದಕ್ಕೊಂದು ಬಿಗಿದು, ಹೊಸ ಬಿಲ್ಡಿಂಗ್ ಎಷ್ಟು ಎತ್ತರ ಬರುತ್ತದೋ ಅಷ್ಟೇ ಎತ್ತರಕ್ಕೆ ನಾಲ್ಕು ಮೂಲೆಯಲ್ಲಿ ನಿಲ್ಲಿಸಿದ. ಹಗ್ಗಕ್ಕೆ ಚಿಂದಿ ಬಟ್ಟೆ ಕಟ್ಟಿದ. ಚಳಿಗಾಲದಲ್ಲಿ ನೆರಳು ಉದ್ದ. ಹಗ್ಗದ ನೆರಳು ಯಾರ ಗೋಡೆಯ ಮೇಲೆ ಎಲ್ಲಿ ಬೀಳುತ್ತದೆಂದು ಅವರವರೇ ನೋಡಿಕೊಳ್ಳಲಿ, ನೋಡಿ ಮೀಟಿಂಗಿನಲ್ಲಿ ಕೈ ಎತ್ತಲಿ ಎಂದ. ಅದೇ ವಾರ, ಸಂಜೆಯ ಲೋಕಲ್ ರೈಲು ಕಾಂಜೂರ್‌ಮಾರ್ಗ್ ದಾಟುವಾಗ, ಎದೆ ಹಿಡಿದುಕೊಂಡು ಕುಸಿದ.

ಕಾಲನಿಯಲ್ಲಿ ಯಾರು ತೀರಿಕೊಂಡರೂ ಚಟ್ಟದ ಬಿದಿರನ್ನು ಅಂಗಡಿಯಿಂದ ತರುವ ಪದ್ಧತಿ ಇರಲಿಲ್ಲ. ಮಳೆಗಾಲದಲ್ಲಿ ಟರ್ಪಾಲು ಕಟ್ಟುವ ಬಿದಿರು ಹಿಂದೆ ಬಿದ್ದಿರುತ್ತಿತ್ತು, ಅದರಿಂದಲೇ ಆಗುತ್ತಿತ್ತು. ಇಂಥ ಕೆಲಸಕ್ಕೆಲ್ಲ ಮುಂದಾಗುವವನು ಕೆಳಗಿನ ಮನೆಯ ಕಾಂತಪ್ಪ. ಬೈಕುಲ್ಲಾದ ಹೋಟೆಲಿನಲ್ಲಿ ಕ್ಯಾಶಿಯರ್ ಆಗಿದ್ದು ನಿವೃತ್ತನಾದವನು. ಸುಕೇಶ್ ನೆಟ್ಟಿದ್ದೂ ಸೊಸೈಟಿಯ ಬಿದಿರೇ ಎಂದುಕೊಂಡು ಅವನು ಒಂದು ಮೂಲೆಯದನ್ನು ಕಿತ್ತು ಕಡಿದ. ಸುಕೇಶ್ ತನ್ನ ಬಿಲ್ಡಿಂಗಿನ ನಾಲ್ಕನೆಯ ಮೂಲೆಯ ಮೇಲೆ ಮಲಗಿಕೊಂಡೇ ಹೋದ.

ಬಿಸಿಲೇರುವ ಮೊದಲೇ ಸುಕೇಶನ ಅಣ್ಣ ಪ್ರಶಾಂತ ಮಲಾಡಿನಿಂದ ಬಂದ. ಚಪ್ಪಲಿ ಕಳಚಿ ಒಳಗೆ ಬಂದವನು ಫ್ಯಾನಿನ ಕೆಳಗೆ ಕೂತ.

"ಭಾನುವಾರದ ಮೀಟಿಂಗಿಗೆ ನೀನು ಹೋಗುವುದು ಬೇಡ ನಮಿತಾ. ಟವರಿಗೆ ಒಪ್ಪಿಗೆ ಅಂತ ಒಂದು ಸಹಿ ಹಾಕಿ ಕೊಡು, ನಾನು ಮುಟ್ಟಿಸ್ತೇನೆ."

"ಆಮೇಲೆ?"

"ಆಮೇಲೆ ಎಂತ? ನಮ್ಮ ಒಟ್ಟಿಗೆ ಇರು. ನಮ್ಮ ಮಕ್ಕಳಿಗೆ ನಿನ್ನಿಂದ ಟ್ಯೂಷನ್ ಆಗ್ತದೆ. ನಿನ್ನ ಅಕ್ಕನಿಗೂ ಅಡುಗೆಗೆ ಒಂದು ಜನ ಆಗ್ತದೆ. ಟವರ್ ಎದ್ದ ಮೇಲೆ ನೋಡುವ."

"ಎಷ್ಟು ವರ್ಷ ಭಾವ?"

"ಅದು ಬಿಲ್ಡರ್ ಹೇಳ್ಬೇಕು."

"ಅವರಿಗೆ ಟವರ್ ಬೇಡವಿತ್ತು."

"ಅವನಿಗೆ ಬೇಕಾದ ಹಾಗೆ ಕಂಬ ನೆಟ್ಟು ಹೋದ. ಈಗ ನೋಡು..." ಮಾತು ಎಲ್ಲಿಗೆ ಬಂತೆಂದು ತಿಳಿದು ಪ್ರಶಾಂತ ನಿಲ್ಲಿಸಿದ. ನೀರು ಕೇಳಿದ. ಅವಳು ಕುಕ್ಕರಿನಿಂದಲೇ ಬಗ್ಗಿಸಿ ಕೊಟ್ಟಳು. ಅವನು ನೋಡಿಯೂ ನೋಡದವನಂತೆ ಕುಡಿದ.

ಅವಳು ಕಲಿನಾದ ಯೂನಿವರ್ಸಿಟಿಯಲ್ಲಿ ಎಂ.ಎ. ಮಾಡಿದವಳು. ಭಾವ ಕೆಟ್ಟವನಲ್ಲ, ಅವನು ಅಕ್ಕ ಎಂದ ಅವನ ಹೆಂಡತಿಯೂ ಅಲ್ಲ. ಆದರೆ ಒಮ್ಮೆ ಈ ಎರಡು ಕೋಣೆಗೆ ಬೀಗ ಬಿದ್ದರೆ ಮಲಾಡಿನ ಹಾಲಿನಲ್ಲಿ ಹಾಸಿಗೆ ಹಾಸಿ ಸುತ್ತುವುದೇ ತನ್ನ ಬದುಕಾಗುತ್ತದೆಂಬುದು ಅವಳಿಗೆ ಗೊತ್ತಿತ್ತು. ಈ ಊರಿನಲ್ಲಿ ತನ್ನದೆಂದು ಬಾಗಿಲು ಹಾಕಿಕೊಳ್ಳಬಹುದಾದ ಜಾಗ ಇದೊಂದೇ. ಸಹಿ ಆಮೇಲೆ ನೋಡುವ ಎಂದು ಹೇಳಿ ಅವನನ್ನು ಕಳಿಸಿ, ಅವನ ಹಿಂದೆಯೇ ಕೆಳಗಿಳಿದಳು.

ಹಿಂದಿನ ಜಾಗದಲ್ಲಿ ಕಾಂತಪ್ಪ ಗುಂಡಿಯ ಬಳಿ ನಿಂತಿದ್ದ. ಮೊದಲ ಮಾಳಿಗೆಯ ಕಿಟಕಿಯಲ್ಲಿ ಶೀಲಾವತಿ ಮಂಡಿಗೆ ಎಣ್ಣೆ ಹಚ್ಚಿಕೊಂಡು ಎಳೆ ಬಿಸಿಲಿಗೆ ಕೂತಿದ್ದಳು. ಆ ಮಾಳಿಗೆಯವರು ಅವಳನ್ನು ಕೇಳದೆ ಯಾವುದಕ್ಕೂ ಕೈ ಎತ್ತುತ್ತಿರಲಿಲ್ಲ.

"ತಪ್ಪಾಯ್ತು ಮಾರಾಯ್ತಿ" ಎಂದ ಕಾಂತಪ್ಪ. "ಗಡಿಬಿಡಿಯಲ್ಲಿ ನಮ್ಮದೇ ಬಿದಿರು ಅಂದುಕೊಂಡೆ. ಈಗ ಜನ ಹೇಳ್ತಾರೆ, ಚಟ್ಟದ ಜೊತೆಯ ಬಿದಿರು ಇಲ್ಲಿ ನಿಂತಿರಬಾರದು ಅಂತ."

"ಜನ ಅಂದ್ರೆ ನೀನೇ ಅಲ್ವಾ?" ಎಂದಳು ಶೀಲಾವತಿ ಮೇಲಿನಿಂದ. "ಬೆಳಗ್ಗಿನಿಂದ ಮನೆ ಮನೆಗೆ ಹೇಳಿ ಬಂದವನು ಯಾರು?" ಆಮೇಲೆ ನಮಿತಾಳ ಕಡೆ ತಿರುಗಿ ದನಿ ತಗ್ಗಿಸಿದಳು. "ಬೇಸರ ಮಾಡ್ಬೇಡ ಮಗಾ. ಎಲ್ಲರೂ ಅವರವರ ನೆರಳು ನೋಡಿಯಾಯ್ತು. ನಾನು ನೋಡುವ ಮೊದಲೇ ಕಿತ್ತದ್ದು ನನ್ನ ಮೂಲೆಯನ್ನೇ. ನೋಡದೆ ನಾನು ಹೇಗೆ ಕೈ ಎತ್ತಲಿ? ಟವರಿನವ ಲಿಫ್ಟ್ ಆದ್ರೂ ಕೊಡ್ತಾನೆ."

ಮಧ್ಯಾಹ್ನ ಬಿದಿರಿನ ಯಜಮಾನನೇ ಬಂದ. ಟೆಂಭಿಪಾಡಾದಲ್ಲಿ ಮಂಡಪದ ಗೋದಾಮು ಇಟ್ಟಿದ್ದ ಶೆಟ್ಟೆಪ್ಪ, ವಿಜಯಪುರ ಕಡೆಯವನು. ಬಾಗಿಲ ಹೊರಗೇ ನಿಂತ.

"ಸುದ್ದಿ ಕೇಳಿ ಇಷ್ಟ ದಿನಾ ಬರಾಕ ಮನಸಾಗಲಿಲ್ಲ ಅಕ್ಕಾರ. ಆದ್ರ ಮಾಘಿ ಗಣಪತಿ ಹಬ್ಬ ಬಂತು, ಮಂಡಪಕ್ಕ ಬಿದಿರ ಬೇಕಾಗ್ಯಾವ."

"ಒಂದು ಕಂಬ ಇಲ್ಲ."

"ಎಲ್ಲಿ ಹೋತ್ರೀ?"

"ಅವರ ಜೊತೆ ಹೋಯಿತು."

ಶೆಟ್ಟೆಪ್ಪನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅವನು ತಲೆಯ ಮೇಲಿನ ಟೊಪ್ಪಿಗೆ ತೆಗೆದು ಮತ್ತೆ ಇಟ್ಟುಕೊಂಡ. "ಹೋಗ್ಲಿ ಬಿಡ್ರಿ" ಎಂದ.

ಸೋಮವಾರದವರೆಗೆ ಉಳಿದವು ಇರಲಿ, ಇನ್ನೊಂದು ಕೊಡಲು ಆಗುತ್ತದೆಯೇ ಎಂದು ಅವಳು ಕೇಳಿದಳು. ಸೋಮವಾರ ಆಗಲಿ ಎಂದ; ಇನ್ನೊಂದು ಇಲ್ಲ, ಇದ್ದದ್ದೆಲ್ಲ ಊರ ತುಂಬ ಹರಡಿದೆ ಎಂದ. ನಮಿತಾ ಕಿಟಕಿಗೆ ಹೋದಳು, ಬಾಗಿಲಿಗೆ ಬಂದಳು. ಮತ್ತೆ ಕಿಟಕಿಗೆ ಹೋದಾಗ ಜಾಗದ ಅಂಚಿನ ಕೊಳಚೆ ನಾಲೆಯ ಕಡೆಯ ಮೂಲೆ ಕಣ್ಣಿಗೆ ಬಿತ್ತು. ಅಲ್ಲಿಯ ನೆರಳು ಬೀಳುವುದು ನಾಲೆಗೆ, ಯಾರ ಮನೆಗೂ ಅಲ್ಲ.

"ಆ ಕಂಬ ಕಿತ್ತು ಈ ಗುಂಡಿಗೆ ಹಾಕಬಹುದಲ್ಲ?"

"ಹಾಕೂಣು ಬರ್ರಿ" ಎಂದ ಶೆಟ್ಟೆಪ್ಪ. ಕಾಂತಪ್ಪನೂ ಬಂದು ಬುಡಕ್ಕೆ ಕಲ್ಲು ಬಡಿದ. ಅಪಶಕುನದ ಮಾತು ಎತ್ತಲಿಲ್ಲ.

ಮರುದಿನ ಬೆಳಗ್ಗೆ ಸೂರ್ಯ ಕಾರ್ಖಾನೆಯ ಗೋಡೆ ಹತ್ತಿ ಬರುವಾಗ ನಮಿತಾ ಕೆಳಗೇ ಇದ್ದಳು. ಚಿಂದಿ ಕಟ್ಟಿದ ಹಗ್ಗದ ನೆರಳು ಶೀಲಾವತಿಯ ಕಿಟಕಿಗಿಂತ ಒಂದು ಮೊಳ ಮೇಲೆ ಬಿದ್ದಿತು. ಅಂದರೆ ಅದರ ಕೆಳಗಿನದೆಲ್ಲ ಮುಂದೆ ನೆರಳು. ಅದು ಇಳಿದು ಕಿಟಕಿ ದಾಟುವ ಹೊತ್ತಿಗೆ ಬಿಸಿಲು ಆ ಗೋಡೆಯನ್ನೇ ಬಿಟ್ಟು ಹೋಗುವಂತಿತ್ತು. ಯಾರಿಗೂ ತೊಂದರೆಯಾಗುವುದಿಲ್ಲ ಎಂದು ಸುಕೇಶ್ ಎಲ್ಲರಿಗೂ ಹೇಳಿದ್ದ. ಅವನು ನೋಡಿರಲೇ ಇಲ್ಲ. ಬಿಸಿಲು ಈ ಗೋಡೆಗೆ ಬರುವ ಹೊತ್ತಿಗೆ ಅವನು ದಿನವೂ ಲೋಕಲ್‌ನಲ್ಲಿ ಘಾಟ್ಕೋಪರ್ ದಾಟಿರುತ್ತಿದ್ದ.

ಶೀಲಾವತಿಯ ಕಿಟಕಿ ಇನ್ನೂ ತೆರೆದಿರಲಿಲ್ಲ. ಹಲ್ಲುಜ್ಜುತ್ತಾ ಬಂದ ಕಾಂತಪ್ಪನೂ ಗೋಡೆ ನೋಡಿದ. ನೊರೆ ಉಗುಳಿ ಹತ್ತಿರ ಬಂದ.

"ಮೀಟಿಂಗಿನವರೆಗೆ ಎರಡೇ ದಿನದ ಮಾತು. ಕಿತ್ತು ಹಾಕುವ. ನಾಯಿ ಬೀಳಿಸಿತು ಅಂತ ಹೇಳುವ. ಕಂಬ ಇಲ್ಲದಿದ್ರೆ ಅವಳು ಸುಮ್ಮನೆ ಮನೆಯಲ್ಲಿ ಕೂರಬಹುದು, ಎದುರು ಕೈ ಎತ್ತಲಿಕ್ಕಿಲ್ಲ. ನಿನಗೂ ಮನೆ ಉಳೀಬೇಕಲ್ಲ ನಮಿತಾ?"

ಉಳಿಯಬೇಕಿತ್ತು. ಅವಳು ಕಂಬಕ್ಕೆ ಕೈ ಇಟ್ಟಳು. ಬುಡದ ಕಲ್ಲು ಒಂದು ಸರಿಸಿದರೆ ಸಾಕು. ಕೈ ತೆಗೆದು ನಾಲೆಯವರೆಗೆ ನಡೆದಳು, ತಿರುಗಿ ಬಂದಳು, ಮತ್ತೆ ನಡೆದಳು. ನೆರಳು ಅಲ್ಲೇ ಇತ್ತು. ಕಿತ್ತರೂ ಬಿಲ್ಡಿಂಗ್ ಎದ್ದ ಮೇಲೆ ಅದು ಅಲ್ಲಿಗೇ ಬರುತ್ತಿತ್ತು. ಆಮೇಲೆ ವರ್ಷವೆಲ್ಲ ಆ ಕಿಟಕಿಯ ಕೆಳಗೆ ಓಡಾಡಬೇಕಾದವಳು ತಾನು. ಮೆಟ್ಟಿಲು ಹತ್ತಿ ಶೀಲಾವತಿಯ ಬಾಗಿಲು ತಟ್ಟಿದಳು.

"ಅಕ್ಕ, ಕಿಟಕಿ ತೆಗೆಯಿರಿ. ನಿಮ್ಮ ಬಿಸಿಲು ಹೋಗ್ತದೆ."

ಶೀಲಾವತಿ ಕಿಟಕಿ ತೆಗೆದು, ಕತ್ತು ಹೊರಗೆ ಹಾಕಿ, ಮೇಲಿನ ನೆರಳು ನೋಡಿದಳು.

"ಇದನ್ನು ಹೇಳಲಿಕ್ಕೆ ಮೆಟ್ಟಿಲು ಹತ್ತಿ ಬಂದದ್ದಾ? ಎಂ.ಎ. ಮಾಡಿದವರಿಗೆ ಇಷ್ಟೂ ಬುದ್ಧಿ ಇಲ್ವಾ?"

"ಇಲ್ಲ" ಎಂದಳು ನಮಿತಾ.

ಶೀಲಾವತಿ ಮಂಡಿ ಹಿಡಿದುಕೊಂಡು ಕೂತಳು. ಆಮೇಲೆ ಕಿಟಕಿಯಿಂದಲೇ ಕೂಗಿದಳು. "ಕಾಂತಪ್ಪ, ಬಾಯಿ ತೊಳ್ಕೊಂಡು ಆ ಕಂಬ ಸ್ವಲ್ಪ ಹಿಂದೆ ತೆಗೆದುಕೊಂಡು ಹೋಗು. ಇನ್ನೂ. ಇನ್ನೂ ಹೋಗು ಮಾರಾಯ, ಅದೇನು ನಿನ್ನ ಹೋಟೆಲಿನ ಟೇಬಲ್ಲಾ?" ಕಾಂತಪ್ಪ ಕಂಬವನ್ನು ಅಪ್ಪಿಕೊಂಡು ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿದ. ಹಗ್ಗದ ನೆರಳು ಕಿಟಕಿಯ ಚೌಕಟ್ಟು ದಾಟಿ ಕೆಳಗಿನ ಗೋಡೆಗೆ ಇಳಿಯಿತು. ಶೀಲಾವತಿಯ ಮಂಡಿಯ ಮೇಲಿನ ಬಿಸಿಲು ಉಳಿಯಿತು. "ಅಲ್ಲೇ ಇರ್ಲಿ" ಎಂದಳು.

ಭಾನುವಾರ ಮೆಟ್ಟಿಲ ಕೆಳಗೆ ಕುರ್ಚಿ ಹಾಕಿ ಮೀಟಿಂಗ್ ನಡೆಯಿತು. ನಮಿತಾ ಎದ್ದು ಆದದ್ದನ್ನೇ ಹೇಳಿದಳು. ಸುಕೇಶ್ ಆ ಮೂಲೆಯನ್ನು ಬೆಳಗ್ಗೆ ನೋಡಿರಲಿಲ್ಲ. ಮೂಲೆ ಹಿಂದೆ ಹೋದರೆ ಪ್ರತಿ ಮಾಳಿಗೆಯಲ್ಲೂ ಒಂದೊಂದು ಕೋಣೆ ಕಡಿಮೆಯಾಗುತ್ತದೆ. ಮಾರಿ ಬರುವ ಹಣವೂ ಅಷ್ಟು ಕಡಿಮೆ, ಹಾಗಾಗಿ ಹಳೆಯ ಕಟ್ಟಡದ ಟೆರೇಸ್ ಈ ಮಳೆಗಾಲಕ್ಕೂ ಸೋರುತ್ತದೆ, ಲಿಫ್ಟ್ ಸದ್ಯಕ್ಕೆ ಇಲ್ಲ. ಹಿಂದಿನ ಸಾಲಿನಿಂದ ಯಾರೋ "ಸೋರುವುದು ಅಭ್ಯಾಸ ಉಂಟು" ಎಂದರು. ಕೆಲವರು ನಕ್ಕರು, ಕೆಲವರು ಟವರಿನ ಕಾಗದ ಹಿಡಿದುಕೊಂಡು ಎದ್ದು ಹೋದರು. ಕೈ ಎತ್ತಿಸುವಾಗ ಶೀಲಾವತಿ ಕೊನೆಯವರೆಗೂ ಸೆರಗಿನೊಳಗೆ ಕೈ ಇಟ್ಟುಕೊಂಡಿದ್ದಳು. ಆಮೇಲೆ ಎತ್ತಿದಳು, ಅವಳ ಮಾಳಿಗೆಯವರೂ ಎತ್ತಿದರು. ಚಿಕ್ಕ ಬಿಲ್ಡಿಂಗೇ ಆಗಲಿ ಎಂದಾಯಿತು. ನಮಿತಾ ಭಾವನಿಗೆ ಫೋನ್ ಮಾಡಿ, ತಾನು ಇಲ್ಲೇ ಇರುತ್ತೇನೆ ಎಂದಳು. ಅವನು "ಅಕ್ಕನಿಗೆ ನೀನೇ ಹೇಳು" ಎಂದು ಫೋನು ಹೆಂಡತಿಯ ಕೈಗೆ ಕೊಟ್ಟ.

ಸೋಮವಾರ ಕಾಂತಪ್ಪ ಕೈಗಾಡಿ ತಂದ. ಕಂಬ ಇದ್ದಲ್ಲಿ ಸುಣ್ಣದ ಗುರುತು ಹಾಕಿ ಒಂದೊಂದನ್ನೇ ಇಳಿಸಿದರು. ನಮಿತಾ ಹಗ್ಗ ಬಿಚ್ಚಿ, ಚಿಂದಿ ತೆಗೆದು, ಬುಡಕ್ಕೆ ಅಂಟಿದ ಮಣ್ಣನ್ನು ನಳದ ಕೆಳಗೆ ತೊಳೆದಳು. ಗಾಡಿಯ ಹಿಂದೆಯೇ ಟೆಂಭಿಪಾಡಾದವರೆಗೆ ನಡೆದಳು. ರಿಕ್ಷಾಗಳು ಹಾರ್ನ್ ಹೊಡೆಯುತ್ತಿದ್ದವು.

"ಒಂದು ಕಡಿಮೆ ಉಂಟು" ಎಂದಳು ಶೆಟ್ಟೆಪ್ಪನಿಗೆ.

"ಗೊತ್ತೈತ್ರಿ ಅಕ್ಕಾರ. ಆ ಬದಿ ಹಿಡೀರಿ."

ಅವಳು ಬಿದಿರಿನ ಒಂದು ತುದಿ ಹಿಡಿದಳು.