ಅಣವೀರಪ್ಪನ ಮೊದಲ ಪಾಸ್

ನಲವತ್ತು ದಾಟಿದ ಮೇಲೆ ಅಣವೀರಪ್ಪನಿಗೆ ಫುಟ್‌ಬಾಲ್ ಗಂಟುಬಿದ್ದದ್ದು ಅವನ ಗಾತ್ರದಿಂದಾಗಿ. ಎಪ್ಪತ್ತನಾಲ್ಕರ ಮಳೆಗಾಲದಲ್ಲಿ ಮುಂಬೈಯ ಜೋಗೇಶ್ವರಿಯಲ್ಲಿ ಅವನು ದುಡಿಯುತ್ತಿದ್ದ ಕಾರ್ಖಾನೆಯ ಟೀಮಿಗೆ ಒಬ್ಬ ಆಳು ಕಡಿಮೆಯಾದ.

"ನೀವು ಗೋಲ್‌ಕೀಪರನ ಮುಂದೆ ಸುಮ್ಮನೆ ನಿಂತರೂ ಅರ್ಧ ದಾರಿ ಬಂದ್ ಆಗ್ತದೆ ಮಾರಾಯ್ರೆ," ಎಂದು ಕ್ಯಾಪ್ಟನ್ ರಮಾನಾಥ ಕೈಮುಗಿದ. ಅವನು ಮಂಗಳೂರಿನವ, ಸ್ಟೋರಿನ ಗುಮಾಸ್ತ.

ಸುಮ್ಮನೆ ನಿಲ್ಲುವುದು ಅಣವೀರಪ್ಪನಿಂದಾಗದ ಕೆಲಸ. ಊರಲ್ಲಿ ಕಬಡ್ಡಿ ಆಡಿ ಹೆಸರು ಮಾಡಿದ್ದವ. ಮೊದಲ ದಿನವೇ ಚೆಂಡು ತಂದವನ ಸೊಂಟ ಹಿಡಿದು ಕೆಸರಿಗೆ ಕೆಡವಿ, "ಔಟ್!" ಎಂದು ಕೂಗಿದ.

"ಅಯ್ಯೋ, ಅವ ನಮ್ಮವನೇ! ಮನುಷ್ಯರನ್ನಲ್ಲ, ಚೆಂಡು ಹಿಡಿಯಿರಿ," ಎಂದು ರಮಾನಾಥ ಓಡಿಬಂದ.

ಮರುಕ್ಷಣ ಅಣವೀರಪ್ಪ ಚೆಂಡನ್ನು ಎದೆಗವಚಿಕೊಂಡಿದ್ದ.

ರಮಾನಾಥ ನಿಟ್ಟುಸಿರಿಟ್ಟು ಅಆಇಈಯಿಂದ ಶುರುಮಾಡಿದ. ಅಂಗಾಲಿನಿಂದ ಚೆಂಡು ತಡೆಯಬೇಕು, ತಲೆಯೆತ್ತಿ ನೋಡಬೇಕು, ಪಾದದ ಒಳಬದಿಯಿಂದ ಮೆಲ್ಲಗೆ ತಳ್ಳಬೇಕು. ಅಣವೀರಪ್ಪ ಅದನ್ನೇ ತಾನಿದ್ದ ಸಾಲುಮನೆಗಳ ಚಾಳಿನ ಪಡಸಾಲೆಯಲ್ಲಿ ಹೆಂಡತಿ ಹಾಲವ್ವನೊಂದಿಗೆ ತಾಲೀಮು ಮಾಡಿದ. ಅವನು ಒದ್ದದ್ದು ಪಕ್ಕದ ಮನೆಯ ನೀರಿನ ಕೊಡಕ್ಕೆ ಬಡಿಯಿತು. ಹಾಲವ್ವ ಸೆರಗು ಸಿಕ್ಕಿಸಿಕೊಂಡು ತಳ್ಳಿದ್ದು ನೇರ ಅವನ ಕಾಲಿಗೇ ಬಂತು.

"ನನಗ ಬಂದದ್ದು ನಿಮಗ್ಯಾಕ ಬರವಲ್ದರೀ?"

ಆ ಮಾತಿಗೆ ರೊಚ್ಚಿಗೆದ್ದು ಅವನು ಕಲಿತೇಬಿಟ್ಟ.

ಪಂದ್ಯ ಚೆಂಬೂರಿನವರ ಮೇಲೆ. ಕೊನೆಯ ಗಳಿಗೆಯವರೆಗೂ ಯಾರಿಗೂ ಗೋಲಿಲ್ಲ. ಆಗ ಚೆಂಡು ಅಣವೀರಪ್ಪನತ್ತ ಉರುಳಿ ಬಂತು. ತಡೆದ. ಚೆಂಡು ಕಾಲಡಿ ಗಪ್ಪಗೆ ನಿಂತಿತು. ತಲೆಯೆತ್ತುವಷ್ಟರಲ್ಲಿ ಬಲಗಡೆಯಿಂದ ಒಬ್ಬ ಕೂಗಿದ, "ಅಣ್ಣಾ, ಈ ಕಡಿ ಕೊಡ್ರಿ!"

ಅಣವೀರಪ್ಪ ಕೊಟ್ಟ. ಎಂಥ ಪಾಸ್! ಕೆಸರಲ್ಲೂ ಗೆರೆ ಎಳೆದಂತೆ ಹೋಯಿತು. ಅವನ ಮೈ ಜುಮ್ಮೆಂದಿತು. ಚೆಂಡು ಪಡೆದವನು ಚೆಂಬೂರಿನ ಟೀಮಿನವನು. ತಿರುಗಿ ಗೋಲು ಹೊಡೆದೇಬಿಟ್ಟ.

ರಮಾನಾಥ ಕೆಸರಲ್ಲೇ ಕುಕ್ಕರಿಸಿದ. "ಅವ ಯಾರಂತ ನೋಡ್ಲಿಕ್ಕಿಲ್ವಾ?"

"ಕನ್ನಡದಾಗ ಕೇಳಿದನ್ರೀ. ಈ ಮುಂಬೈಯಾಗ ಅಣ್ಣಾ ಅಂದವ್ರಿಗೆ ಇಲ್ಲ ಅನ್ನೂದು ಹ್ಯಾಂಗ್ರೀ?"

ರಮಾನಾಥನಿಗೆ ನಗು ಬಂತು. "ಪಾಸ್ ಮಾತ್ರ ಲಾಯ್ಕಿತ್ತು ಮಾರಾಯ್ರೆ."

ಸಂಜೆ, ಅಣ್ಣಾ ಎಂದು ಕರೆದು ಗೋಲು ಹೊಡೆದಿದ್ದ ಚೆಂಬೂರಿನ ಕಾಶಪ್ಪ ವಿಳಾಸ ಕೇಳಿಕೊಂಡು ಚಾಳಿಗೇ ಬಂದು ತಲೆತಗ್ಗಿಸಿ ನಿಂತ. ಹಾಲವ್ವ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಅವನು ಕೈತೊಳೆದದ್ದೇ ತಡ, ಚೆಂಡು ತಂದು ಮುಂದಿಟ್ಟಳು.

"ಕೊಡೂದು ಕಲತಾರ, ತಮ್ಮಾ. ಗೋಲ್ ಹೊಡಿಯೂದು ನೀ ಕಲಿಸು. ಮೊದಲ ಪಕ್ಕದ ಮನಿ ಕೊಡ ಒಳಗಿಡ್ತೀನಿ, ತಡಿ."